ಅರ್ಧಕ್ಕೆ ಎದ್ದು ಬಂದ ನಾಟಕ

ಸಪ್ತಾಪುರ, ಧಾರವಾಡ
13 ಫೆಬ್ರುವರಿ 2024

ಬೀಗತಿ ದಾಕ್ಷಾಯಿಣಿ ಅವರಿಗೆ ಶಿವಲಿಂಗವ್ವನ ಶರಣು.

ಮನೆಯಲ್ಲಿ ಫೋನಿರುವಾಗ ಈ ಮುದುಕಿ ಕಾಗದ ಏಕೆ ಬರೆದಳು ಎಂದು ನಿಮಗೆ ಅನಿಸಬಹುದು. ನನ್ನ ಕಿವಿ ಮಂದ. ನಾನು ಫೋನಿನಲ್ಲಿ ಮಾತಾಡಿದರೆ ಓಣಿಯ ತುದಿಯ ಹಾಲಿನವನಿಗೂ ಕೇಳುತ್ತದೆ. ಈಗ ಹೇಳುವ ಮಾತು ನಿಮ್ಮ ಮಗಳು ಭಾಗ್ಯಶ್ರೀಯ ಕಿವಿಗೆ ಬೀಳುವುದು ಬೇಡ.

ಮೊನ್ನೆ ರವಿವಾರ ನಮ್ಮ ಪ್ರಸಾದ ನಮ್ಮಿಬ್ಬರನ್ನೂ ನಾಟಕಕ್ಕೆ ಕರೆದುಕೊಂಡು ಹೋದ. ಲಗ್ನವಾಗಿ ಆರು ವರ್ಷವಾಯಿತು, ಒಮ್ಮೆ ಸಿನೆಮಾಕ್ಕೆ ಕೂಡ ಕರೆಯದ ಮಗ, ಅಂದು ಮಾತ್ರ "ಯವ್ವಾ, ನೀ ಬರಾಕ ಬೇಕು" ಎಂದು ಹಟ ಹಿಡಿದ. ಅವನ ಝೆರಾಕ್ಸ್ ಅಂಗಡಿಗೆ ಬಂದು ಹಾಳೆ ತೆಗೆಸಿಕೊಂಡು ಹೋಗುವ ಕಾಲೇಜು ಹುಡುಗರ ನಾಟಕವದು. ಪ್ರಾಚಿ ಎಂಬ ಲೆಕ್ಚರರ್ ಹೆಂಗಸು ಆಡಿಸಿದ್ದು. ಹೆಸರು "ಯಾವಾಗ್ರಿ ಸಿಹಿಸುದ್ದಿ?" ಹಾಸ್ಯ ನಾಟಕವಂತೆ. ಮಕ್ಕಳಾಗದ ಗಂಡ ಹೆಂಡತಿಯನ್ನು ಕಟ್ಟಿಕೊಂಡು ಹಾಸ್ಯ! ಇವರ ಹಾಸ್ಯಕ್ಕಿಷ್ಟು ಬೆಂಕಿ ಹಾಕ.

ನಾನು ನಾಟಕ ನೋಡದವಳಲ್ಲ. ನಮ್ಮ ಅಪ್ಪ ನನ್ನ ತವರೂರು ಮುಗದದಿಂದ ಚಕ್ಕಡಿ ಕಟ್ಟಿಸಿ ಕಂಪನಿ ನಾಟಕಗಳಿಗೆ ಕರೆದೊಯ್ಯುತ್ತಿದ್ದ. ಆಗಿನ ಹಾಸ್ಯಪಾತ್ರದವ ಸುಮ್ಮನೆ ಬಂದು ನಿಂತರೂ ಹೊಟ್ಟೆ ಹುಣ್ಣಾಗುತ್ತಿತ್ತು. ಈ ಹುಡುಗರು ನಗಿಸಲು ಬೀಳುತ್ತಾರೆ, ಏಳುತ್ತಾರೆ, ಕುರ್ಚಿ ಒದೆಯುತ್ತಾರೆ. ಡಾಕ್ಟರನಾದವ ಸ್ಟೆಥಾಸ್ಕೋಪನ್ನು ಕ್ಯಾಲೆಂಡರಿಗೆ ಹಚ್ಚಿ ತಿಥಿ ಹೇಳುತ್ತಾನೆ. ನೆರೆಮನೆಯವರು ಒಂದೇ ಕಿಡಕಿಯಿಂದ ಒಬ್ಬರಾದ ಮೇಲೊಬ್ಬರು ತಲೆ ಹಾಕಿ "ಯಾವಾಗ್ರಿ ಸಿಹಿಸುದ್ದಿ?" ಎಂದು ಕೇಳುತ್ತಾರೆ. ಮೊದಲ ಸಲ ನಗು ಬಂದೀತು. ಹತ್ತು ಸಲ ಕೇಳಿದರೆ?

ಇನ್ನು ಅತ್ತೆಯ ಪಾತ್ರ. ಗಂಗವ್ವ ಎಂದು ಹೆಸರು. ಮಾಡಿದವನು ಫೈಜಾನ ಎಂಬ ಹುಡುಗ, ಗಡ್ಡ ಬೋಳಿಸಿಕೊಂಡು ಇಳಕಲ್ ಸೀರೆ ಸುತ್ತಿಕೊಂಡಿದ್ದ. ಉಟ್ಟಿದ್ದ ಎನ್ನಲಾರೆ, ಸುತ್ತಿಕೊಂಡಿದ್ದ. ನಿರಿಗೆ ಒಂದು ಕಡೆ, ಸೆರಗು ಇನ್ನೊಂದು ಕಡೆ. ಈ ಗಂಗವ್ವ ಸೊಸೆಯ ಕೈಗೆ ಮೊಣಕೈವರೆಗೆ ದಾರ ಕಟ್ಟುತ್ತಾಳೆ, ಬಕೀಟಿನಿಂದ ಕಷಾಯ ಕುಡಿಸುತ್ತಾಳೆ. ಆಮೇಲೆ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟು, "ಹೊಲಾ ಬೆಳೀಲಿಲ್ಲಂದ್ರ ಬಿತ್ತಾಂವನ್ನ ಯಾರ ಬೈತಾರ? ಹೊಲಾನ ಪಾಳ ಅಂತಾರ!" ಎನ್ನುತ್ತಾಳೆ. ಸಭಾಗೃಹ ಕಿತ್ತುಹೋಗುವಂತೆ ಜನ ನಕ್ಕರು. ಅಂಥ ಮಾತನ್ನು ಯಾವ ಮನೆಯ ಅತ್ತೆಯೂ ಆಡುವುದಿಲ್ಲ. ಬರೆದವರಿಗೆ ಹಳ್ಳಿ ಗೊತ್ತಿಲ್ಲ, ಹೆಂಗಸರು ಗೊತ್ತಿಲ್ಲ, ಮನೆಯಲ್ಲಿ ಹಿರಿಯರಿದ್ದಾರೋ ಇಲ್ಲವೋ ಅದೂ ಗೊತ್ತಿಲ್ಲ. ಕೊನೆಗೆ ಏನು, ಸೊಸೆ ಬಸಿರಾಗುತ್ತಾಳೆ, ಎಲ್ಲರೂ ಕುಣಿಯುತ್ತಾರೆ, ಪರದೆ ಬೀಳುತ್ತದೆ. ಇದಕ್ಕೆ ಇಡೀ ಧಾರವಾಡದ ಓದಿದ ಜನ ಎದ್ದು ನಿಂತು ಚಪ್ಪಾಳೆ.

ನನಗೆ ನೋವಾದದ್ದು ಬೇರೆ. ಎಲ್ಲರಿಗಿಂತ ಹೆಚ್ಚು ನಕ್ಕವಳು ನಿಮ್ಮ ಮಗಳು. ನನ್ನ ಮಗ್ಗುಲಿಗೇ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಸ್ವಂತ ಮಡಿಲು ಬರಿದಾಗಿರುವಾಗ ಅಂಥ ನಗು ಹೇಗೆ ಬಂತೋ! ಬರೀ ನಗುವಿನ ಮಾತಲ್ಲ ಇದು. ಅವಳಿಗೆ ಕೂಸಿನ ಚಿಂತೆಯೇ ಇಲ್ಲ. ನಿಮ್ಮ ಕಡೆ ಒಳ್ಳೆಯ ವೈದ್ಯರಿದ್ದಾರಂತೆ. ಉಗಾದಿಗೆ ಕರೆಸಿಕೊಂಡು ತೋರಿಸಿರಿ. ಕೊರತೆ ಎಲ್ಲಿದೆ ಎಂದು ಒಮ್ಮೆ ತಿಳಿದುಬಿಡಲಿ.

ಬೀಗರು ಶಂಭುಲಿಂಗ ಅವರಿಗೆ ಶರಣು ತಿಳಿಸಿರಿ.

ಶಿವಲಿಂಗವ್ವ


ರಾಯಚೂರು
21 ಫೆಬ್ರುವರಿ 2024

ಶಿವಲಿಂಗವ್ವನವರಿಗೆ ಶರಣು.

ನಿಮ್ಮ ಕಾಗದ ಮುಟ್ಟಿತು. ನೀವು ಕಾಗದ ಬರೆದಿರಿ, ಆದ್ದರಿಂದ ನಾನೂ ಕಾಗದವನ್ನೇ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಹತ್ತಿ ಸುಗ್ಗಿಯಲ್ಲಿ ನಮಗೆ ಇಷ್ಟು ಪುರಸತ್ತು ಇರುವುದಿಲ್ಲ. ಯಜಮಾನರು ಮುಂಜಾನೆ ಮಾರ್ಕೆಟ್ಟಿಗೆ ಹೋದರೆ ಊಟಕ್ಕೆ ಬರುವುದೂ ಖಾತ್ರಿಯಿಲ್ಲ.

ನಾಟಕದ ಬಗ್ಗೆ ಇಷ್ಟು ಬರೆದಿದ್ದೀರಿ, ಓದಿ ಸಂತೋಷವಾಯಿತು. ಎರಡು ಮಾತು ಮಾತ್ರ ನನಗೆ ಹೊಂದಲಿಲ್ಲ. ಕೊನೆಯಲ್ಲಿ ಸೊಸೆ ಬಸಿರಾಗುತ್ತಾಳೆ ಎಂದು ಬರೆದಿದ್ದೀರಿ. ನನ್ನ ಮಗಳು ಹೇಳಿದ ಕಥೆಯಲ್ಲಿ ಹಾಗೆ ಆಗುವುದಿಲ್ಲ. ನೀವು ನಡುವಿನ ವಿರಾಮದಲ್ಲೇ ಎದ್ದು ಹೊರಗೆ ಬಂದು ಆಟೋದಲ್ಲಿ ಕೂತುಬಿಟ್ಟಿರಂತೆ. ಅರ್ಧ ಊಟ ಮಾಡಿ ಎದ್ದವರು ಪಾಯಸ ಸೀದಿತ್ತು ಎಂದು ಊರೆಲ್ಲ ಹೇಳಬಾರದು.

ಹೊಲದ ಮಾತನ್ನು ಯಾವ ಮನೆಯ ಅತ್ತೆಯೂ ಆಡುವುದಿಲ್ಲ ಎನ್ನುತ್ತೀರಿ. ಹೋದ ವರ್ಷ ಪಂಚಮಿಗೆ ಮಗಳನ್ನು ಕರೆಯಲು ನಾನು ಬಂದಿದ್ದೆ, ನೆನಪಿರಬಹುದು. ನೀವು ಅಡುಗೆಮನೆಯಲ್ಲಿ ಎಳ್ಳುಂಡೆ ಕಟ್ಟುತ್ತ ನೆರೆಮನೆಯವರ ಮುಂದೆ ಅದೇ ಮಾತು ಆಡಿದಿರಿ. ನಾನು ಪಡಸಾಲೆಯಲ್ಲಿದ್ದೆ. ನನ್ನ ಕಿವಿ ಚುರುಕಾಗಿದೆ. ಆಗ ಯಾರೂ ನಗಲಿಲ್ಲ. ನನ್ನ ಮಗಳು ಚಹಾ ತಂದಿಟ್ಟು, ನನ್ನ ಮಾರಿ ನೋಡದೆ ಒಳಗೆ ಹೋದಳು.

ವೈದ್ಯರ ಮಾತು. ಧಾರವಾಡ, ಹುಬ್ಬಳ್ಳಿ, ಬೆಳಗಾವಿಯ ವೈದ್ಯರೆಲ್ಲ ಮುಗಿದರೇ? ಅವಳು ದಿನಾ ಹುಬ್ಬಳ್ಳಿಯ ದೇಶಪಾಂಡೆ ನಗರದ ಸಹಕಾರಿ ಸೊಸೈಟಿಗೆ ನೌಕರಿಗೆ ಹೋಗಿ ಬರುವವಳು. ರಜೆ ಹಾಕಿಸಿ ತವರಿಗೆ ಕಳಿಸಿ ತಪಾಸಣೆ ಮಾಡಿಸುವುದೆಂದರೆ ಏನರ್ಥ ಎಂದು ನಮ್ಮ ಕಡೆಯ ಜನರಿಗೂ ತಿಳಿಯುತ್ತದೆ. ಆಕಳನ್ನು ಸಂತೆಗೆ ಹೊಡೆಯುವಾಗಲೂ ಮೊದಲು ಹಾಲು ಕಡಿಮೆ ಎನ್ನುತ್ತಾರೆ.

ನಿಮಗೆ ಒಂದೇ ಸಲಹೆ. ನಾಟಕದ ಉಳಿದರ್ಧ ನೋಡಿರಿ.

ದಾಕ್ಷಾಯಿಣಿ


ಧಾರವಾಡ
1 ಮಾರ್ಚ್ 2024

ದಾಕ್ಷಾಯಿಣಿ ಅವರಿಗೆ,

ನಿಮ್ಮ ಕಾಗದ ಓದಿದೆ. ಹೌದು, ಎದ್ದು ಬಂದೆ. ಮೊಣಕಾಲು ನೋಯುತ್ತಿತ್ತು. ಹಳಸಿದ ಅನ್ನವೆಂದು ತಿಳಿಯಲು ಬೋಗುಣಿ ಬರಿದು ಮಾಡಬೇಕಿಲ್ಲ.

ಹೊಲದ ಮಾತು ನನ್ನದೇ ಎಂದು ನೀವೇ ಬರೆದುಕೊಟ್ಟಿರಿ, ಉಪಕಾರವಾಯಿತು. ಆ ಮಾತು ನಮ್ಮ ಅಡುಗೆಮನೆಯಿಂದ ನಾಟಕದ ರಂಗಕ್ಕೆ ಹೇಗೆ ಹೋಯಿತು ಎಂದು ನನಗೆ ಅಂದೇ ಅನುಮಾನವಿತ್ತು. ನಿಮ್ಮ ಕಾಗದ ಬಂದ ದಿನವೇ ಊಟಕ್ಕೆ ಕೂತಾಗ ಕೇಳಿದೆ.

"ಭಾಗ್ಯಾ, ನಮ್ಮ ಮನಿ ಮಾತ ಆ ಹುಡುಗರಿಗೆ ಮಾರಿದಾಕಿ ನೀನ ಏನು?"

"ನಾ ಹೇಳಿಲ್ರಿ ಅತ್ತಿ."

"ಮತ್ತ ಗ್ವಾಡಿ ಹೋಗಿ ಹೇಳಿ ಬಂತೇನು?"

ಅವಳು ಪ್ರಸಾದನ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ನನ್ನ ಮಗ ದೇವರಂಥವ. ಹೆಂಡತಿಯ ಪರ ಒಂದು ಮಾತಿಲ್ಲ, ನನ್ನ ಪರವೂ ಇಲ್ಲ. ತಾಟಿನಲ್ಲಿ ರೊಟ್ಟಿ ಮುರಿಯುತ್ತ ಕೂತ. ಮುರಿದದ್ದನ್ನು ತಿನ್ನಲೂ ಇಲ್ಲ. ಹೆಣ್ಣು ಮಕ್ಕಳ ಜಗಳದಲ್ಲಿ ಬಾಯಿ ಹಾಕಬಾರದೆಂಬ ಸಂಸ್ಕಾರ ನಾನು ಕೊಟ್ಟದ್ದು.

ಆಗ ನಾನು ಅಂದೆ, "ನಗಾಕ ಬರತದ, ಹಡೀಲಿಕ್ಕೆ ಬರೂದಿಲ್ಲ. ನಾಟಕಾ ಮಾಡೂದಿದ್ರ ನಿಮ್ಮವ್ವನ ಮನ್ಯಾಗ ಹೋಗಿ ಮಾಡು." ಸಿಟ್ಟಿನಲ್ಲಿ ಎಲ್ಲರೂ ಆಡುವ ಮಾತೇ ಅದು. ನಿಮ್ಮ ಮಗಳು ತಾಟಿನಲ್ಲೇ ಕೈ ತೊಳೆದು ಎದ್ದಳು. ಮುಂಜಾನೆ ಬ್ಯಾಗು ಹಿಡಿದು ಬಸ್‌ಸ್ಟ್ಯಾಂಡಿಗೆ ಹೊರಟಳು. ಪ್ರಸಾದ ಸ್ಕೂಟರಿನ ಮೇಲೆ ಬಿಟ್ಟು ಬಂದ.

ಬಂದಿದ್ದಾಳಷ್ಟೇ? ಬಂದದ್ದು ಒಳ್ಳೆಯದೇ ಆಯಿತು. ಉಗಾದಿವರೆಗೆ ಇಟ್ಟುಕೊಂಡು ವೈದ್ಯರಿಗೆ ತೋರಿಸಿರಿ. ಆಕಳು ಸಂತೆ ಎಂದೆಲ್ಲ ಬರೆಯಬೇಡಿರಿ. ನಾವು ಹೊಲಮನೆ ಇದ್ದವರು, ಮಾತು ಆಡಿದರೂ ಮಾನ ಬಿಟ್ಟವರಲ್ಲ.

ಶಿವಲಿಂಗವ್ವ


ರಾಯಚೂರು
11 ಮಾರ್ಚ್ 2024

ಶಿವಲಿಂಗವ್ವನವರಿಗೆ,

ಮಗಳು ಕ್ಷೇಮವಾಗಿ ಬಂದಿದ್ದಾಳೆ. ಇಷ್ಟು ದಿನವಾದರೂ ಒಂದು ಫೋನು ಮಾಡಿ ವಿಚಾರಿಸಲಿಲ್ಲ. ಅದೂ ಮಾನವಂತರ ಲಕ್ಷಣವೇ ಇರಬೇಕು.

ನಿಮ್ಮ ಮಗ ಇಲ್ಲಿಗೆ ಎರಡು ಸಲ ಬಂದು ಹೋದರು. ನಿಮಗೆ ಹೇಳಿದ್ದಾರೆ ಎಂದುಕೊಂಡಿದ್ದೆ. "ಅವ್ವಗ ಹುಬ್ಬಳ್ಳಿಗೆ ಪೇಪರ್ ಬಂಡಲ್ ತರಾಕ ಹೊಂಟೇನಿ ಅಂತ ಹೇಳಿ ಬಂದೇನಿ" ಎಂದು ಮಗಳ ಮುಂದೆ ಅಂದದ್ದು ನನಗೆ ಕೇಳಿಸಿತು. ಯಜಮಾನರ ಎದುರು ತಲೆಯೆತ್ತದೆ ಕೂತಿದ್ದರು. ನನ್ನ ಯಜಮಾನರಿಗೆ ಅವರ ಮೇಲೆ ಕರುಣೆ. ನನಗೆ ಇಲ್ಲ.

ನಾನು ಯಾವ ವೈದ್ಯರಿಗೂ ತೋರಿಸುವುದಿಲ್ಲ. ತೋರಿಸುವ ಅಗತ್ಯವಿಲ್ಲವೆಂದು ನನಗೆ ಗೊತ್ತು. ಹೇಗೆ ಗೊತ್ತು ಎಂದು ಬರೆಯಬಾರದೆಂದು ಮಗಳು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. "ಅದನ್ನ ಹೇಳಬೇಕಾದವರು ಹೇಳಲಿ, ನಾ ಹೇಳಿದ್ರ ಚಾಡಿ ಆಗತದ" ಎನ್ನುತ್ತಾಳೆ. ಅಂಥ ಮಗಳನ್ನು ನಿಮ್ಮ ಮನೆಗೆ ಕೊಟ್ಟೆನಲ್ಲ ಎಂದು ರಾತ್ರಿ ನಿದ್ದೆ ಹತ್ತುವುದಿಲ್ಲ.

ಆಣೆ ಮುರಿಯದೆ ಒಂದು ಮಾತು ಬರೆಯಬಹುದು. ನೀವು ನೋಡದೆ ಬಿಟ್ಟ ಅರ್ಧವನ್ನು ಬರೆದವರು ಕಾಲೇಜು ಹುಡುಗರಲ್ಲ, ನನ್ನ ಮಗಳಂತೂ ಅಲ್ಲ. ಇದೇ ಇಪ್ಪತ್ನಾಲ್ಕಕ್ಕೆ ಹುಬ್ಬಳ್ಳಿಯಲ್ಲಿ ಮತ್ತೆ ಆ ನಾಟಕವಿದೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಹೋಗಿರಿ.

ದಾಕ್ಷಾಯಿಣಿ


ಧಾರವಾಡ
26 ಮಾರ್ಚ್ 2024

ದಾಕ್ಷಾಯಿಣಿ ಅವರಿಗೆ ಶರಣು.

ಹೋಗಿದ್ದೆ. ಯಾರಿಗೂ ಹೇಳದೆ ಒಬ್ಬಳೇ ಬಸ್ಸು ಹತ್ತಿ ಹೋದೆ. ಮೊದಲರ್ಧ ಮುಗಿಯುವತನಕ ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ. ನೋಡಿ ಉಗುಳಿದ್ದನ್ನು ಮತ್ತೆ ನೋಡುವಷ್ಟು ದಡ್ಡಳಲ್ಲ. ವಿರಾಮದಲ್ಲಿ ಜನ ಚುರುಮುರಿ ತಿನ್ನಲು ಹೊರಗೆ ಬಂದಾಗ ನಾನು ಒಳಗೆ ಹೋಗಿ ಎರಡನೆಯ ಸಾಲಿನಲ್ಲಿ ಕೂತೆ.

ನಾಟಕದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಎರಡನೆಯ ಅರ್ಧ ಇನ್ನೂ ದರಿದ್ರವಾಗಿದೆ. ಗಂಡನಾದವ ಡಾಕ್ಟರ ಚೀಟಿ ಬಚ್ಚಿಟ್ಟುಕೊಂಡು ಮಂಚದ ಕೆಳಗೆ ಹೋಗುತ್ತಾನೆ, ಕಪಾಟಿನೊಳಗೆ ಹೋಗುತ್ತಾನೆ, ಒಮ್ಮೆ ಅವ್ವನ ಸೆರಗಿನ ಹಿಂದೆಯೇ ಅಡಗುತ್ತಾನೆ. ಮಂಗ್ಯಾನ ಆಟ. ಜನ ನಗುತ್ತಿದ್ದರು. ನಾನು ಮಾರಿ ಬಿಗಿದುಕೊಂಡು ಕೂತಿದ್ದೆ.

ಆಮೇಲೆ ಗಂಗವ್ವ ಸೊಸೆಯನ್ನು ತವರಿಗೆ ಅಟ್ಟಲು ಗಂಟು ಕಟ್ಟುತ್ತಾಳೆ. ಆಗ ಗಂಡ ಕಪಾಟಿನಿಂದ ಹೊರಗೆ ಬಂದು, ಅವ್ವನ ಮುಂದೆ ನಿಂತು ಅಂದ, "ಯವ್ವಾ, ಹೊಲಾ ಛಲೋನ ಐತಿ. ಬೀಜಾನ ಜೊಳ್ಳ ಐತಿ."

ಬೀಗತಿಯವರೇ, ಆ ಮಾತಿಗೆ ಇಡೀ ಸಭಾಗೃಹ ನಕ್ಕಿತು. ನನ್ನ ಪಕ್ಕದ ಹೆಂಗಸು ತೊಡೆ ಬಡಿದುಕೊಂಡು ನಕ್ಕಳು. ಹಿಂದೆ ಒಬ್ಬ ಸೀಟಿ ಹೊಡೆದ. ನಾನು ಆಗ ರಂಗದ ಪಕ್ಕ ನೋಡಿದೆ. ಪರದೆಯ ಸಂದಿಯಲ್ಲಿ ಸ್ಟೂಲಿನ ಮೇಲೆ ನಮ್ಮ ಪ್ರಸಾದ ಪುಸ್ತಕ ಹಿಡಿದು ಕೂತಿದ್ದ. ಪಾತ್ರಧಾರಿಗಳು ಮರೆತರೆ ಮಾತು ಎತ್ತಿಕೊಡುವ ಕೆಲಸ. ಪುಸ್ತಕ ನೋಡುತ್ತಿರಲಿಲ್ಲ. ಹಣೆಗೆ ಕೈ ಒತ್ತಿ ಹಿಡಿದಿದ್ದ. ಚಿಕ್ಕವನಿದ್ದಾಗ ಮಾಸ್ತರರ ಕೈಲಿ ಹೊಡೆತ ತಿಂದು ಬಂದರೆ ಹಾಗೆಯೇ ಕೂಡುತ್ತಿದ್ದ.

ನಾನು ಮೆಲ್ಲಗೆ "ನಗಬ್ಯಾಡ್ರಿ" ಎಂದೆ. ಮೆಲ್ಲಗೆ ಎಂದುಕೊಂಡೆ. ನನ್ನ ದನಿ ನಿಮಗೆ ಗೊತ್ತೇ ಇದೆ. ಸಭಾಗೃಹವೆಲ್ಲ ತಿರುಗಿ ನೋಡಿತು. ನೋಡಿದ ಮೇಲೆ ಇನ್ನೇನು, ಎದ್ದು ನಿಂತೆ.

"ಏನ ನಗತೀರಿ? ನಿಮ್ಮ ಮನ್ಯಾಗ ಯಾರೂ ಕಣ್ಣೀರ ಹಾಕಿಲ್ಲೇನು?"

ಗಂಗವ್ವನ ವೇಷದ ಫೈಜಾನ ನನ್ನನ್ನೇ ನೋಡುತ್ತ ನಿಂತುಬಿಟ್ಟ. ಗಂಡನ ಪಾತ್ರದವನಿಗೆ ಮುಂದಿನ ಮಾತು ಮರೆತುಹೋಯಿತು. ಆಗ ಪರದೆಯ ಹಿಂದಿನಿಂದ ಪ್ರಸಾದ ಎತ್ತಿಕೊಟ್ಟ, "ಯವ್ವಾ, ಎರಡ ವರ್ಷದಿಂದ ಹೇಳಬೇಕಂತ ಮಾಡೇನಿ." ಪಾತ್ರದವ ಹೇಳಲಿಲ್ಲ. ಪ್ರಸಾದ ಇನ್ನಷ್ಟು ಜೋರಾಗಿ ಅಂದ, "ಹೇಳಾಕ ಧೈರ್ಯ ಆಗಲಿಲ್ಲ. ಆಕಿ ಏನೂ ತಪ್ಪ ಮಾಡಿಲ್ಲ." ಈ ಮಂದ ಕಿವಿಗೂ ಅಕ್ಷರ ಅಕ್ಷರ ಕೇಳಿತು. ಜನ ಅದೂ ನಾಟಕವೇ ಎಂದುಕೊಂಡು ಚಪ್ಪಾಳೆ ಹೊಡೆದರು. ನಾಟಕ ನೋಡುವ ಯೋಗ್ಯತೆ ಆ ಊರಿಗಿಲ್ಲ.

ನಾಟಕ ಮುಗಿದ ಮೇಲೆ ಪ್ರಸಾದ ಹೊರಗೆ ಬಂದ. ಸ್ಕೂಟರಿನ ಹತ್ತಿರ ಇಬ್ಬರೂ ನಿಂತೆವು.

"ಮನ್ಯಾಗ ಹೇಳಾಕ ಬಾಯಿ ಇರಲಿಲ್ಲೇನೋ?"

"ಮನ್ಯಾಗ ಈ ವಿಷಯಾ ತಗದ್ರ ನೀ ಎದ್ದ ಹೋಗತೀ. ಟಿಕೇಟ್ ತಗಸಿ ಕುಂದರಸಿದ್ರ ಕುಂದರತೀ ಅಂತ ಮಾಡಿದ್ದೆ. ಅಲ್ಲೂ ಎದ್ದ ಹೋದಿ."

"ಗಾಡಿ ಚಾಲೂ ಮಾಡು" ಎಂದೆ.

ಎರಡು ವರ್ಷದ ಹಿಂದೆಯೇ ಡಾಕ್ಟರು ಹೇಳಿದ್ದರಂತೆ. ಈ ಎರಡು ವರ್ಷ ಅವಳು ಕುಡಿದ ಕಹಿ ಕಷಾಯಕ್ಕೆ ನಾನು ತಂಬಿಗೆ ಹಿಡಿದು ನಿಲ್ಲುತ್ತಿದ್ದೆ. ಅವನು ನೋಡುತ್ತ ಕೂಡುತ್ತಿದ್ದ. ದೇವರಂಥವ ಎಂದು ನಿಮಗೆ ಬರೆದಿದ್ದೆ. ಕಲ್ಲಿನ ದೇವರು. ಎರಡು ಮಾತು ಆಡಲು ಅವನಿಗೆ ಬಣ್ಣ, ಪರದೆ, ಹತ್ತು ಜನ ಹುಡುಗರು ಬೇಕಾದರು. ಇಂಥ ಅಂಜುಬುರುಕ ನನ್ನ ಹೊಟ್ಟೆಯಲ್ಲಿ ಹೇಗೆ ಹುಟ್ಟಿದನೋ.

ಭಾಗ್ಯಶ್ರೀಯನ್ನು ಕಳುಹಿಸಿಕೊಡಿರಿ. ಇನ್ನು ಔಷಧವಿಲ್ಲ, ದಾರವಿಲ್ಲ.

ಶಿವಲಿಂಗವ್ವ


ರಾಯಚೂರು
2 ಏಪ್ರಿಲ್ 2024

ಶಿವಲಿಂಗವ್ವನವರಿಗೆ,

ಕಳುಹಿಸುವುದಿಲ್ಲ.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನಾಟಕವನ್ನು ಬೈದಿದ್ದೀರಿ, ಜನರನ್ನು ಬೈದಿದ್ದೀರಿ, ಮಗನನ್ನು ಬೈದಿದ್ದೀರಿ. "ಹಡೀಲಿಕ್ಕೆ ಬರೂದಿಲ್ಲ" ಎಂದು ಅನ್ನದ ತಾಟಿನ ಮುಂದೆ ಅಂದವರ ಬಗ್ಗೆ ಒಂದು ಸಾಲೂ ಕಾಣಲಿಲ್ಲ.

ಒಂದು ಪ್ರಶ್ನೆ ಕೇಳುತ್ತೇನೆ, ನಾನೇ ಕೇಳುತ್ತಿದ್ದೇನೆ, ಮಗಳಲ್ಲ. ಕೊರತೆ ನಿಮ್ಮ ಮಗನಲ್ಲಿದೆ ಎಂದು ತಿಳಿದ ಮೇಲೆ ಸೊಸೆ ಬೇಕಾದಳು. ಡಾಕ್ಟರು ಹೇಳಿದ್ದು ಅವಳ ಬಗ್ಗೆಯೇ ಆಗಿದ್ದರೆ ಈ ಕಾಗದ ಬರೆಯುತ್ತಿದ್ದಿರಾ?

ಉತ್ತರ ಬರೆಯುವ ಧೈರ್ಯವಿದ್ದರೆ ಬರೆಯಿರಿ. ನಿಮ್ಮ ಮಗ ಯಾರಂತೆ ಹುಟ್ಟಿದರು ಎಂದು ಆಗ ತಿಳಿಯುತ್ತದೆ.

ದಾಕ್ಷಾಯಿಣಿ


ಧಾರವಾಡ
6 ಏಪ್ರಿಲ್ 2024

ದಾಕ್ಷಾಯಿಣಿ ಅವರಿಗೆ,

ಇಲ್ಲ. ಬರೆಯುತ್ತಿರಲಿಲ್ಲ.

ನಿನ್ನೆ ಮುಗದದಿಂದ ನಮ್ಮ ತಮ್ಮ ಫಕೀರಪ್ಪನ ಹೆಂಡತಿ ಬಂದಿದ್ದಳು. ಭಾಗ್ಯಾ ತವರಿಗೆ ಹೋದ ಸುದ್ದಿ ಅಲ್ಲಿಗೂ ಮುಟ್ಟಿದೆ. ಚಹಾ ಕುಡಿಯುತ್ತ, "ಅಕ್ಕಾರ, ಛಲೋ ಮಾಡಿದ್ರಿ ಬಿಡ್ರಿ. ನಮ್ಮ ಕಡೆ ಒಂದ ಹುಡುಗಿ ಐತಿ, ಮೈಕೈ ತುಂಬಿಕೊಂಡ ಗಟ್ಟಿ ಅದಾಳ" ಎಂದಳು. ಒಂದು ತಿಂಗಳ ಹಿಂದಾಗಿದ್ದರೆ ಆ ಹುಡುಗಿಯ ಹೆಸರು ಕೇಳುತ್ತಿದ್ದೆನೋ ಏನೋ. ಅವಳ ಕೈಯಿಂದ ಕಪ್ಪು ಇಸಿದುಕೊಂಡು, "ಹೊತ್ತಾತು, ಬಸ್ ತಪ್ಪತತಿ, ನಡಿ" ಎಂದೆ. ಇನ್ನೂ ಅರ್ಧ ಚಹಾ ಇತ್ತು.

ಉಗಾದಿ ಮುಗಿಸಿ ರಾಯಚೂರಿಗೆ ಬರುತ್ತೇನೆ. ಕರೆದುಕೊಂಡು ಹೋಗಲು ಬರುತ್ತಿಲ್ಲ. ಪ್ರಸಾದ ನನ್ನ ಜೊತೆ ಬರುವುದಿಲ್ಲ, ಬೇಡವೆಂದಿದ್ದೇನೆ. ಬಾಗಿಲು ಹಾಕಿಕೊಳ್ಳುವುದಿದ್ದರೆ ಹಾಕಿಕೊಳ್ಳಿರಿ, ಕಟ್ಟೆಯ ಮೇಲೆ ಕೂಡುತ್ತೇನೆ.

ಶಿವಲಿಂಗವ್ವ


ರಾಯಚೂರು
22 ಏಪ್ರಿಲ್ 2024

ಶಿವಲಿಂಗವ್ವನವರಿಗೆ ಶರಣು.

ಭಾಗ್ಯಶ್ರೀ ಧಾರವಾಡ ಮುಟ್ಟಿ ಫೋನು ಮಾಡಿದಳು. ಸೊಸೈಟಿಗೆ ಹೋಗತೊಡಗಿದ್ದೇನೆ ಎಂದಳು. ಧ್ವನಿ ಹಗುರಾಗಿತ್ತು.

ನೀವು ನಮ್ಮಲ್ಲಿದ್ದ ಮೂರು ದಿನ ನಾನು ನಿಮ್ಮೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಹೋಳಿಗೆ ಬಡಿಸಿದೆ, ಮಾತು ಬಡಿಸಲಿಲ್ಲ. ಅದಕ್ಕೆ ಕ್ಷಮೆ ಕೇಳುವ ಮನಸ್ಸು ಈಗಲೂ ಇಲ್ಲ.

ಕಾಗದ ಬರೆಯಲು ಕಾರಣ ಬೇರೆ. ಎರಡು ದಿನ ಅವಳು ನಿಮ್ಮ ಎದುರು ಬಾರದೆ ಕೋಣೆಯಲ್ಲೇ ಇದ್ದಳು. ಮೂರನೆಯ ದಿನ ಮುಂಜಾನೆ ಮಾಳಿಗೆಯ ಮೇಲೆ ಸಂಡಿಗೆ ಹಾಕುವಾಗ ನೀವು ಹತ್ತಿ ಹೋದಿರಿ. ಬಹಳ ಹೊತ್ತು ಇಬ್ಬರೂ ಅಲ್ಲೇ ಇದ್ದಿರಿ. ಕೆಳಗೆ ಬಂದವಳೇ ಬ್ಯಾಗು ತುಂಬಿದಳು. ಏನು ಮಾತಾಡಿದಿರಿ ಎಂದು ಕೇಳಿದರೆ "ಅತ್ತಿನ್ನ ಕೇಳು" ಎನ್ನುತ್ತಾಳೆ. ಕಾಲು ಹಿಡಿದಿರಾ? ಅತ್ತಿರಾ? ನಾನು ತಾಯಿ, ತಿಳಿಯುವ ಹಕ್ಕು ನನಗಿದೆ.

ದಾಕ್ಷಾಯಿಣಿ


ಧಾರವಾಡ
29 ಏಪ್ರಿಲ್ 2024

ದಾಕ್ಷಾಯಿಣಿ ಅವರಿಗೆ ಶರಣು.

ಕಾಲು ಹಿಡಿಯಲಿಲ್ಲ. ಅಳಲೂ ಇಲ್ಲ. ಹಿಟ್ಟಿನ ಬೋಗುಣಿಯ ಇನ್ನೊಂದು ಮಗ್ಗುಲಿಗೆ ಕೂತು ಸಂಡಿಗೆ ಹಾಕಿದೆ. ನಿಮ್ಮ ಊರಿನ ಬಿಸಿಲಿನಲ್ಲಿ ಮೊದಲ ಸಾಲು ಹಾಕಿ ಮುಗಿಸುವುದರೊಳಗೆ ಒಣಗುತ್ತಿತ್ತು.

ಮಾತು ಮೊದಲು ತೆಗೆದವಳು ಅವಳೇ. "ಅತ್ತಿ, ನಾಟಕಾ ಹೆಂಗನಸ್ತ್ರಿ?"

"ದರಿದ್ರ ಐತಿ" ಎಂದೆ.

"ನನಗೂ ಸೇರಲಿಲ್ರಿ" ಎಂದಳು.

ನನಗೆ ಆಶ್ಚರ್ಯವಾಯಿತು. ಅಷ್ಟು ನಕ್ಕವಳು! ಕೇಳಿದೆ. ಸಂಡಿಗೆ ಹಾಕುತ್ತಲೇ ಹೇಳಿದಳು, "ನಾ ನಗದ ಕುಂತಿದ್ರ ಎಲ್ಲಾರೂ ನನ್ನ ಮಾರಿ ನೋಡತಿದ್ರು. ನಮ್ಮ ಓಣಿ ಮಂದಿ ಅರ್ಧ ಅಲ್ಲೇ ಇತ್ತು. ಅದಕ್ಕ ಎಲ್ಲಾರಕಿಂತ ಜೋರ ನಕ್ಕೆ." ಇನ್ನೊಂದು ಸಾಲು ಹಾಕಿ ಮತ್ತೆ ಅಂದಳು, "ಇವರು ನನ್ನ ಸಲುವಾಗಿ ಬರದಾರಂತ. ಆಕಿ ಏನೂ ತಪ್ಪ ಮಾಡಿಲ್ಲ ಅಂತ ಆ ಗಂಡ ಮಂದಿ ಮುಂದ ಹೇಳತಾನ. ನಾ ಎರಡ ವರ್ಷ ಕಷಾಯ ಕುಡದೇನಿ, ಒಂದ ದಿನಾ ಮನ್ಯಾಗ ಹೇಳಲಿಲ್ಲ. ಇವರ ಮರ್ಯಾದಿ ಹೋಗಬಾರದಂತ ನಾನೂ ಬಾಯಿ ಬಿಡಲಿಲ್ಲ. ಅದು ನಾಟಕದಾಗ ಎಲ್ಲೈತ್ರಿ?"

ಅದು ಖರೆಯೇ. ಆ ನಾಟಕದಲ್ಲಿ ಅತ್ತೆಗೆ ಮಾತಿದೆ, ಗಂಡನಿಗೆ ಮಾತಿದೆ, ಕಿಡಕಿಯಲ್ಲಿ ತಲೆ ಹಾಕುವವರಿಗೂ ಮಾತಿದೆ. ಸೊಸೆಯಾದವಳು ಕುಡಿಯುತ್ತಾಳೆ, ಕಟ್ಟಿಸಿಕೊಳ್ಳುತ್ತಾಳೆ, ಕಣ್ಣೊರೆಸಿಕೊಳ್ಳುತ್ತಾಳೆ. ನಾಟಕ ಕೆಟ್ಟದ್ದೆಂದು ನಾನು ಮೊದಲಿನಿಂದಲೂ ಹೇಳುತ್ತಿದ್ದೆ. ಎಲ್ಲಿ ಕೆಟ್ಟಿದೆ ಎಂದು ತೋರಿಸಿದವಳು ಅವಳು.

ಅವಳು ಇಲ್ಲಿಗೆ ಬಂದದ್ದು ನನ್ನನ್ನು ಕ್ಷಮಿಸಿದ್ದಕ್ಕೆ ಎಂದು ತಿಳಿಯಬೇಡಿರಿ. ರಜೆ ಮುಗಿದಿತ್ತು, ನೌಕರಿ ಬಿಡಲು ತಯಾರಿಲ್ಲ. ಪ್ರಸಾದನ ಜೊತೆ ಅಷ್ಟಕ್ಕಷ್ಟೇ ಮಾತು. ಅವನು ಅಂಗಡಿಗೆ ಹೋಗುವ ಮೊದಲು ಅವಳ ಡಬ್ಬಿ ಕಟ್ಟಿಡುತ್ತಾನೆ. ಮೊನ್ನೆ ಪಲ್ಯಕ್ಕೆ ಉಪ್ಪೇ ಹಾಕಿರಲಿಲ್ಲ. ಅವಳು ಸಂಜೆ ಬಂದು, "ನಾಳಿಗೆ ರುಚಿ ನೋಡಿ ಕಟ್ರಿ" ಎಂದಳು. ಅಷ್ಟು ಮಾತು ಆಗಿದೆ.

ಇನ್ನು ನೀವು ಕೇಳಿದ್ದು. ಬೋಗುಣಿ ಖಾಲಿಯಾಗುವ ಹೊತ್ತಿಗೆ ನಾನು ಒಂದು ಮಾತು ಕೇಳಿದೆ. ಡಾಕ್ಟರು ಬೇರೆ ದಾರಿಗಳಿವೆ ಎಂದಿದ್ದಾರೆಂದು ಪ್ರಸಾದ ಹೇಳಿದ್ದ. ಅದನ್ನು ಮಾಡೋಣ, ಇದನ್ನು ಮಾಡೋಣ ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ.

"ಭಾಗ್ಯಾ, ನಿನಗ ಕೂಸ ಬೇಕಾಗೇತೇನು?"

ಅವಳು ಹಿಟ್ಟಿನ ಕೈ ಹಾಗೆಯೇ ಹಿಡಿದು ನನ್ನನ್ನು ನೋಡಿದಳು. "ಆರ ವರ್ಷಕ್ಕ ಈಗ ಕೇಳಿದ್ರಿ" ಎಂದಳು. "ಯಾರೂ ಕೇಳಿಲ್ರಿ. ಇವರೂ ಕೇಳಿಲ್ಲ. ನಮ್ಮವ್ವನೂ ಕೇಳಿಲ್ಲ."

ಆಮೇಲೆ ಉತ್ತರ ಹೇಳಿದಳು. ಬಹಳ ಹೊತ್ತು ಹೇಳಿದಳು. ನಾವು ಕೆಳಗೆ ಬರಲು ತಡವಾದದ್ದು ಅದಕ್ಕೇ. ಅದನ್ನು ನಾನು ನಿಮಗೆ ಬರೆಯುವುದಿಲ್ಲ. ತಾಯಿಯ ಹಕ್ಕು ಎಂದಿದ್ದೀರಿ, ಹಾಗಿದ್ದರೆ ನೀವೇ ಕೇಳಿರಿ. ಕೇಳುವಾಗ ಉತ್ತರವನ್ನು ಮಾತ್ರ ನೀವೇ ಮೊದಲು ಹೇಳಿಬಿಡಬೇಡಿರಿ.

ಶಿವಲಿಂಗವ್ವ